ತೊಂಬತ್ತನೆಯ ದಿನ, ನೂರನೆಯ ದಿನ

"ಅಕ್ಕಾ, ಇದು ಈಗ ಬೇಡ. ಜೂನ್ ಹತ್ತಕ್ಕೆ ಬಾ."

ಗಡಿಯ ವಲಸೆ ಕಚೇರಿಯ ಹಿರಿಯ ಹವಾಲ್ದಾರ, ಎಲ್ಲರ ಬಾಯಲ್ಲಿ ದಾಬ್ ಸನಿತ್, ಅರ್ಜಿಯನ್ನು ಗಾಜಿನ ಕಿಂಡಿಯಿಂದ ಹೊರಗೆ ತಳ್ಳಿದ. ಬುವಾಲೈ ಅದನ್ನು ಮತ್ತೆ ಒಳಗೆ ತಳ್ಳಿದಳು.

"ಲೆಕ್ಕ ನಂಗೂ ಬರತ್ತೆ ಕಣೋ. ನವೆಂಬರ್ ಇಪ್ಪತ್ತಕ್ಕೆ ಅವರು ಆಚೆ ದೇಶದಿಂದ ನದಿ ದಾಟಿ ವಾಪಸ್ ಬಂದದ್ದು. ಫೆಬ್ರವರೀಲಿ ಒಂದ್ಸಲ ಕೊಟ್ಟೆ. ಈ ಹತ್ತೊಂಬತ್ತಕ್ಕೆ ಮತ್ತೆ ತೊಂಬತ್ತು ದಿನ. ಹದಿನೈದು ದಿನ ಮುಂಚೇನೇ ಕೊಡಬಹುದು ಅಂತ ಹೇಳಿಕೊಟ್ಟೋನು ನೀನೇ ತಾನೆ?"

ಹೇಳಿಕೊಟ್ಟವನು ಅವನೇ. ವರ್ಷಗಟ್ಟಲೆ ಇರಲು ಅನುಮತಿ ಪಡೆದ ಪರಂಗಿ ಮೂರು ತಿಂಗಳಿಗೊಮ್ಮೆ 'ಇದ್ದೇನೆ, ಇಂಥ ಮನೆಯಲ್ಲೇ ಇದ್ದೇನೆ' ಎಂದು ಬರೆದುಕೊಡಬೇಕು. ಅವನೇ ಬರಬೇಕೆಂದಿಲ್ಲ, ಮನೆಯವರು ತಂದುಕೊಟ್ಟರೂ ನಡೆಯುತ್ತದೆ. ಆರ್ವಿಡ್ ಲುಂಡ್‌ನ ಅರ್ಜಿಯನ್ನು ಹದಿನಾಲ್ಕು ವರ್ಷಗಳಿಂದ ತರುತ್ತಿದ್ದವಳು ಅವನ ಜೊತೆ ಬಾಳುತ್ತಿದ್ದ ಬುವಾಲೈಯೇ. ನಾರ್ವೆಯ ಹಡಗುಗಳಲ್ಲಿ ಎಂಜಿನ್ ನೋಡಿಕೊಂಡಿದ್ದ ಆ ಎಪ್ಪತ್ತೊಂದರ ಮುದುಕನಿಗೆ ಸರದಿಯಲ್ಲಿ ನಿಲ್ಲುವುದೆಂದರೆ ಆಗುತ್ತಿರಲಿಲ್ಲ.

ಆದರೆ ಆ ಮುದುಕನನ್ನು ನಾಲ್ಕು ತಿಂಗಳಿಂದ ಥಾ ಹಿನ್ ಊರಿನಲ್ಲಿ ಯಾರೂ ನೋಡಿರಲಿಲ್ಲ. ಅಪ್ಪ ಫೋನಿಗೂ ಸಿಗುತ್ತಿಲ್ಲ ಎಂದು ಮಗಳು ಬರೆದ ಪತ್ರ ರಾಯಭಾರ ಕಚೇರಿಯಿಂದ ಹೋದ ವಾರ ಈ ಗಡಿಕಟ್ಟೆಗೆ ಬಂದಿತ್ತು. ಸನಿತ್ ಹೋಗಿ ಕೇಳಿದಾಗ ಬುವಾಲೈ ನೂಡಲ್ಸ್ ಪಾತ್ರೆಯಿಂದ ತಲೆ ಎತ್ತದೆ, "ಮೀನು ಹಿಡಿಯಕ್ಕೆ ಹೋಗಿದ್ದಾರೆ" ಎಂದಿದ್ದಳು.

"ನಿನ್ನ ಲೆಕ್ಕ ಸರಿಯಕ್ಕ. ಆದ್ರೆ ಅವರು ಮಧ್ಯ ಹೋಗಿಬಂದ್ರೆ ಎಣಿಕೆ ಮೊದಲಿಂದ ಶುರು." ಸನಿತ್ ಕಂಪ್ಯೂಟರ್ ಪರದೆಯನ್ನು ಅವಳತ್ತ ವಾಲಿಸಿದ. "ನೋಡು. ದೋಣಿಗಟ್ಟೆಯಿಂದ ಒಳಗೆ, ಮಾರ್ಚ್ ಹನ್ನೆರಡು. ಹೇಳಿಲ್ವಾ ನಿಂಗೆ?"

"ಯಾವತ್ತು?"

"ಮಾರ್ಚ್ ಹನ್ನೆರಡು."

ಬುವಾಲೈಯ ಮುಖ ಸುಣ್ಣ ಬಳಿದಂತಾಯಿತು. ಅವಳು ಕಿಂಡಿಯ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ತಿರುಗಿ, ಛತ್ರಿಯನ್ನೂ ಅರ್ಜಿಯನ್ನೂ ಅಲ್ಲೇ ಬಿಟ್ಟು, ಮೇ ತಿಂಗಳ ಬಿಸಿಲಿಗೆ ಇಳಿದುಹೋದಳು.

ಗಂಡ ಹೇಳದೆ ಎಲ್ಲೋ ಹೋಗಿಬಂದ ಎಂದು ಗೊತ್ತಾದರೆ ಹೆಂಡತಿಗೆ ಸಿಟ್ಟು ಬರುತ್ತದೆ. ಇವಳಿಗೆ ಬಂದದ್ದು ಭಯ.

ಸರದಿಯಲ್ಲಿ ಮುಂದಿದ್ದವನು ಬಿಸಿಲಿಗೆ ಕೆಂಪಾಗಿದ್ದ ತರುಣ ಪರಂಗಿ. ಮೂರನೆಯ ಸಲ ಬಂದಿದ್ದ ಅವನು, ದಯವಿಟ್ಟು ಒಂದು ತಿಂಗಳು ಕೊಡಿ ಎಂದು ಕೈ ಮುಗಿದ. ನೆಲದ ಗಡಿಯಿಂದ ವೀಸಾ ಇಲ್ಲದೆ ವರ್ಷಕ್ಕೆ ಎರಡೇ ಸಲ ಎಂದು ಸನಿತ್ ಅಂದು ಹನ್ನೊಂದನೆಯ ಸಲ ಹೇಳಿದ. ಅವನು ಇನ್ನೂ ಗೋಗರೆಯುತ್ತಿರುವಾಗಲೇ ಸನಿತ್‌ನ ಕಣ್ಣು ಪರದೆಗೆ ಅಂಟಿಕೊಂಡಿತು.

ನವೆಂಬರ್ ಇಪ್ಪತ್ತು, ಒಳಗೆ. ಮಾರ್ಚ್ ಹನ್ನೆರಡು, ಒಳಗೆ.

ನಡುವೆ ಹೊರಗೆ ಹೋದದ್ದೇ ಇರಲಿಲ್ಲ.

ಮನೆಯೊಳಗೆ ಕೂತವನು ಮತ್ತೆ ಬಾಗಿಲು ತಟ್ಟಿ ಒಳಗೆ ಬಂದನೆ? ಸನಿತ್ ಜೇಬಿನಿಂದ ಮೆಂಥಾಲ್ ನಳಿಕೆ ತೆಗೆದು ಮೂಗಿನ ಎರಡೂ ಹೊಳ್ಳೆಗೆ ಏರಿಸಿಕೊಂಡ. ತಲೆ ತಿಳಿಯಾಗಲಿಲ್ಲ. ಐವತ್ತೆಂಟು ವರ್ಷದ ತಲೆ, ನಿವೃತ್ತಿಗೆ ಇನ್ನು ಎರಡು ವರ್ಷ. ಇಂಥದ್ದೆಲ್ಲ ತನ್ನ ಸರದಿಗೇ ಬಂದು ಒಕ್ಕರಿಸುತ್ತದಲ್ಲ ಎಂದು ಅವನಿಗೆ ರೋಸಿಹೋಯಿತು.

---

"ಆವತ್ತು ಕಂಪ್ಯೂಟರ್ ಕೆಟ್ಟು ಕೂತಿತ್ತು ದಾಬ್. ದೋಣಿಗಟ್ಟೇಲಿ ಪುಸ್ತಕದಲ್ಲಿ ಬರ್ಕೊಂಡು ಆಮೇಲೆ ತುಂಬಿದ್ದಾರೆ. ಹೊರಗೆ ಹೋದದ್ದು ಬಿಟ್ಟುಹೋಗಿರತ್ತೆ, ಅಷ್ಟೆ."

ಇನ್ಸ್‌ಪೆಕ್ಟರ್ ಪಕಿನ್‌ಗೆ ಮೂವತ್ತೊಂದು ವಯಸ್ಸು. ಬ್ಯಾಂಕಾಕಿನಿಂದ ಬಂದು ಆರು ವಾರವಾಗಿತ್ತು. ಅವನ ಇಸ್ತ್ರಿಯ ಗೆರೆ ಮಧ್ಯಾಹ್ನವಾದರೂ ಮುರಿಯುತ್ತಿರಲಿಲ್ಲ.

"ಬೆರಳಚ್ಚು ಸರ್?"

"ಆ ಯಂತ್ರ ಕೆಟ್ಟು ಎಷ್ಟು ತಿಂಗಳಾಯ್ತು ಅಂತ ನನ್ನ ಕೇಳ್ತೀರಾ? ನೀವೇ ಹೇಳಬೇಕು." ಪಕಿನ್ ಗಡಿಯಾರ ನೋಡಿದ. "ಸಂಜೆ ಐದಕ್ಕೆ ರಾಯಭಾರ ಕಚೇರಿಗೆ ಉತ್ತರ ಹೋಗಬೇಕು. ಅಷ್ಟರಲ್ಲಿ ಆ ಮುದುಕ ನನ್ನ ಮುಂದೆ ನಿಂತಿರಬೇಕು. ಇಲ್ಲ ಅಂದ್ರೆ ನಿಮ್ಮ ಅಕ್ಕನ ಕೈಗೆ ಕೋಳ. ಸುಳ್ಳು ಅರ್ಜಿ ಅಂತ ಶುರು ಮಾಡ್ತೀನಿ, ಕೊಲೆ ತನಕ ಹೋಗತ್ತೆ."

"ಅವಳು ಅಂಥವಳಲ್ಲ ಸರ್."

"ನಿಮಗೆ ಅಕ್ಕ, ನನಗೆ ಆರೋಪಿ. ಹೋಗಿ."

ಬುವಾಲೈ ಸನಿತ್‌ನ ಒಡಹುಟ್ಟಿದವಳಲ್ಲ. ಅವನ ಹೆಂಡತಿ ಕ್ಯಾನ್ಸರಿನಿಂದ ಮಲಗಿದಾಗ ನಾಲ್ಕು ತಿಂಗಳು, ದಿನವೂ ಬೆಳಗ್ಗೆ ಅನ್ನದ ಗಂಜಿ ತಂದು ಚಮಚದಲ್ಲಿ ಕುಡಿಸಿದವಳು. ಅವಳ ಕೈಗೆ ಕೋಳ ಹಾಕುವುದಕ್ಕಿಂತ ಈ ಸಮವಸ್ತ್ರ ಬಿಚ್ಚಿಟ್ಟು ಹೋಗುವುದೇ ಮೇಲು ಎಂದು ಅವನಿಗನ್ನಿಸಿತು. ಆದರೆ ಸಮವಸ್ತ್ರ ಬಿಚ್ಚಿದರೆ ಕೋಳ ಹಾಕಲು ಇನ್ನೊಬ್ಬ ಬರುತ್ತಾನೆ.

ಅವಳು ಬಿಟ್ಟುಹೋದ ಅರ್ಜಿಯನ್ನು ಕೈಗೆತ್ತಿಕೊಂಡ. ಪಿನ್ನು ಚುಚ್ಚಿದ್ದ ಕ್ಯಾಲೆಂಡರ್ ಹಾಳೆಯೊಂದು ಹಿಂದೆ ನೇತಾಡುತ್ತಿತ್ತು. ದಿನ ಎಣಿಸಲು ಕಿತ್ತುಕೊಂಡು ಬಂದಿದ್ದಳು. ಏಪ್ರಿಲ್ ತಿಂಗಳ ಹಾಳೆ. ನೀಲಿ ಶಾಯಿಯಲ್ಲಿ ಸಣ್ಣ ಸಣ್ಣ ಅಂಕಿಗಳು ಮೇ ಕಡೆಗೆ ಹೊರಟಿದ್ದವು.

ಹದಿನೇಳನೆಯ ತಾರೀಖಿಗೆ ಮಾತ್ರ ಕೆಂಪು ಸುತ್ತು. ಪಕ್ಕದಲ್ಲಿ ಒಂದೇ ಸಾಲು: ಭಿಕ್ಷುಗಳು, ಒಂಬತ್ತು ಜನ.

ಹೊಸ ವರ್ಷದ ನೀರಾಟ ಮುಗಿದು ಎರಡು ದಿನಕ್ಕೆ. ಅವಳ ತಾಯಿ ತೀರಿಕೊಂಡದ್ದು ಮಳೆಗಾಲದಲ್ಲಿ, ತಂದೆ ಚಳಿಗಾಲದಲ್ಲಿ. ಹಾಗಾದರೆ ಒಂಬತ್ತು ಜನ ಭಿಕ್ಷುಗಳಿಗೆ ಊಟ ಯಾರ ಹೆಸರಿನಲ್ಲಿ?

---

ವಿಹಾರದಲ್ಲಿ ಭಿಕ್ಷುಗಳ ಊಟ ಮುಗಿಯುತ್ತ ಬಂದಿತ್ತು. ಸನಿತ್ ಹಿರಿಯ ಭಿಕ್ಷುವಿನ ಮುಂದೆ ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿದ. ಮೂರನೆಯದಕ್ಕೆ ಮಂಡಿ ಲಟಕ್ಕೆಂದಿತು.

"ಏನಯ್ಯ, ಮಂಡಿ ವಾಸಿಯಾಗಲಿಲ್ವಾ?"

"ಇಲ್ಲ ಗುರುಗಳೇ. ಮನೇಲಿ ನಾನು ಹೇಳಿದ್ದು ಕೇಳದೇ ಇರೋದು ಈಗ ಅದೊಂದೇ." ಸನಿತ್ ಕಾಲು ಮಡಚಿ ಕೂತ. "ಏಪ್ರಿಲ್ ಹದಿನೇಳಕ್ಕೆ ಬುವಾಲೈ ಮನೆಗೆ ಊಟಕ್ಕೆ ಹೋಗಿದ್ರಾ?"

"ಅದನ್ನ ಮರೆಯೋದು ಹೇಗೆ?" ಭಿಕ್ಷು ನಕ್ಕರು. "ಆಲೂಗಡ್ಡೆ! ಬೇಯಿಸಿದ್ದು, ಖಾರ ಇಲ್ಲ, ಹುಳಿ ಇಲ್ಲ. ಜೊತೆಗೆ ಉಪ್ಪು ಮೀನು, ಸಕ್ಕರೆ ಹಾಕದ ಕರಿ ಕಾಫಿ. ಊರಿಗೇ ಒಳ್ಳೇ ಸಾರು ಮಾಡೋ ಹೆಂಗಸು, ನಮಗೆ ಹಾಕಿದ್ದು ಅದು. ಒಂಬತ್ತೂ ಜನ ಬಾಯಿ ಮುಚ್ಕೊಂಡು ನುಂಗಿದ್ವಿ. ಹೋದವರಿಗೆ ಇಷ್ಟವಾದದ್ದು ಹಾಕೋದು ತಾನೆ ಪದ್ಧತಿ? ನಾವು ಯಾಕೆ ಮುಖ ಸಿಂಡರಿಸೋದು?"

ಈ ಊರಿನಲ್ಲಿ ಆಲೂಗಡ್ಡೆಯನ್ನು ಹಾಗೆ ಸಪ್ಪಗೆ ತಿನ್ನುತ್ತಿದ್ದ ಮನುಷ್ಯ ಒಬ್ಬನೇ.

"ಯಾವ ಪೂಜೆ ಗುರುಗಳೇ ಅದು?"

"ನೂರು ದಿನದ್ದು. ಹೆಸರು ಹೇಳಮ್ಮ ಅಂದೆ. ಚೀಟೀಲಿ ಬರೆದು, ಮಡಚಿ, ನಾನು ಓದೋ ಮೊದಲೇ ದೀಪಕ್ಕೆ ಹಿಡಿದ್ಲು. ಸತ್ತವರ ಹೆಸರಲ್ಲಿ ನೀರು ಬಿಡುವಾಗ ಅರ್ಧ ಚಾಪೆ ಮೇಲೇ ಹೋಯ್ತು."

"ನಂಗೆ ಒಂದು ಮಾತು ಹೇಳ್ಬೇಕಿತ್ತು ನೀವು."

"ನೀನು ಕೇಳಿದ್ಯಾ? ನಾನು ಭಿಕ್ಷು ಕಣಯ್ಯ, ಪೊಲೀಸಲ್ಲ."

ಸನಿತ್ ಬೆರಳ ಗೆಣ್ಣುಗಳ ಮೇಲೆ ಹಿಂದಕ್ಕೆ ಎಣಿಸಿದ. ಏಪ್ರಿಲ್, ಮಾರ್ಚ್, ಫೆಬ್ರವರಿ. ಹೆಬ್ಬೆರಳು ಜನವರಿ ಎಂಟಕ್ಕೆ ಬಂದು ನಿಂತಿತು. ಆರ್ವಿಡ್ ಸತ್ತದ್ದು ಜನವರಿ ಎಂಟಕ್ಕೆ. ಫೆಬ್ರವರಿ ಆರಕ್ಕೆ ಬುವಾಲೈ ಬಂದು, ಅವನು ಮನೆಯಲ್ಲೇ ಇದ್ದಾನೆಂದು ಬರೆದುಕೊಟ್ಟಳು. ಆ ಅರ್ಜಿಗೆ ಮೊಹರು ಒತ್ತಿದ ಕೈ ಇದೇ.

ಕಚೇರಿಯ ತೊಂಬತ್ತು ದಿನಕ್ಕೆ ಅವಳು ಸುಳ್ಳು ಹೇಳಿದ್ದಳು. ವಿಹಾರದ ನೂರು ದಿನಕ್ಕೆ ಸುಳ್ಳು ಹೇಳಲು ಅವಳಿಂದ ಆಗಿರಲಿಲ್ಲ.

---

ಎರಡು ಗಂಟೆಗೆ ನೂಡಲ್ಸ್ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಬುವಾಲೈ ಬಾಗಿಲ ಕಡೆ ಮುಖ ಮಾಡಿಯೇ ಕೂತಿದ್ದಳು.

"ಬಾ. ಊಟ ಆಯ್ತಾ?"

"ಆಯ್ತು." ಆಗಿರಲಿಲ್ಲ. "ಆಲೂಗಡ್ಡೆ ಇದ್ರೆ ಹಾಕು."

ಅವಳು ಅವನನ್ನೇ ನೋಡಿದಳು. ಆಮೇಲೆ ಕೊರಳಲ್ಲಿದ್ದ ಟವಲಿನಿಂದ ಮುಖ ಒರೆಸಿಕೊಂಡಳು, ಅಷ್ಟೆ.

"ಗುರುಗಳು ಹೇಳಿದ್ರಾ?"

"ನೀನು ಹೇಳ್ಬೇಕಿತ್ತು."

"ಹೇಳಿದ್ರೆ ಏನು ಮಾಡ್ತಿದ್ದೆ?"

"ಹೇಗೆ ಸತ್ರು ಅಕ್ಕಾ?"

"ನಿದ್ದೇಲೇ. ಎಂಟನೇ ತಾರೀಖು ಬೆಳಗ್ಗೆ ಕಾಫಿ ತಗೊಂಡು ಹೋದೆ, ಮೈ ತಣ್ಣಗಿತ್ತು." ಅವಳ ದನಿಯಲ್ಲಿ ಅಳು ಇರಲಿಲ್ಲ, ಬರೀ ಆಯಾಸವಿತ್ತು. "ಪಕ್ಕದ ಬೀದಿ ಜರ್ಮನ್ ಮುದುಕ ನೆನಪಿದ್ದಾನಾ? ಅವನ ಜೊತೆ ಬಾಳಿದ ಹೆಂಗಸಿಗೆ ಹೆಣ ಕೊಟ್ರಾ? ಕಾಗದದ ಮೇಲೆ ಮದುವೆ ಆಗಿಲ್ಲ, ನೀನ್ಯಾರು ಅಂದ್ರು. ನಮ್ದೂ ಕಾಗದ ಇಲ್ಲದ ಸಂಸಾರಾನೇ. ಎಪ್ಪತ್ತು ದಿನ ಐಸ್ ಪೆಟ್ಟಿಗೇಲಿಟ್ಟು ಆಮೇಲೆ ವಿಮಾನಕ್ಕೆ ಹಾಕಿದ್ರು. ಇವರು ಅದನ್ನ ನೋಡಿ ನನ್ನ ಕೈ ಹಿಡ್ಕೊಂಡು, ಬುವಾಲೈ, ನನ್ನನ್ನ ಮಾತ್ರ ಆ ಪೆಟ್ಟಿಗೆಗೆ ಹಾಕಬೇಡ ಅಂದಿದ್ರು. ಮಾತು ಕೊಟ್ಟಿದ್ದೆ."

"ಅದಕ್ಕೆ?"

"ಖಮ್‌ಲಾಗೆ ಫೋನ್ ಮಾಡಿದೆ."

ಖಮ್‌ಲಾ ಅವಳ ತಮ್ಮ. ಆಚೆ ದಡದ ಹಳ್ಳಿಯ ಹೆಣ್ಣನ್ನು ಮದುವೆಯಾಗಿ ಅಲ್ಲೇ ಬೇರು ಬಿಟ್ಟವನು. ಮೀನಿನ ದೋಣಿಯಲ್ಲಿ ಬಂದ, ಇಬ್ಬರೂ ಸೇರಿ ಚಾಪೆಯಲ್ಲಿ ಸುತ್ತಿ ಮರುದಿನ ನಸುಕಿನ ಮಂಜಿನಲ್ಲಿ ಮೆಕಾಂಗ್ ನದಿ ದಾಟಿಸಿದರು. ಆಚೆಯ ಮರಳದಿಬ್ಬದಲ್ಲಿ ಚಿತೆ.

"ಇಲ್ಲಿ ಸುಡಬೇಕಾದ್ರೂ ಮರಣಪತ್ರ ಕೇಳ್ತಾರಲ್ಲೋ. ಅದು ಬಂದ್ರೆ ನೀವು ಬರ್ತೀರ. ಒಂದ್ಸಲ ಸುಳ್ಳು ಹೇಳಿದ್ರೆ ಮುಗೀತು ಅಂದ್ಕೊಂಡೆ. ತೊಂಬತ್ತು ದಿನಕ್ಕೊಂದ್ಸಲ ಹೇಳಬೇಕು ಅಂತ ಆಮೇಲೆ ಹೊಳೀತು." ಅವಳು ನಗಲು ಹೋದಳು, ಆಗಲಿಲ್ಲ. "ಸಾಕಾಗಿದೆ ಕಣೋ. ನಿಜವಾಗ್ಲೂ ಸಾಕಾಗಿದೆ."

ಸನಿತ್‌ಗೆ ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲವೆಂದು ಗೊತ್ತಿತ್ತು. ಪಕಿನ್ ಅದರಲ್ಲಿ ಒಂದಕ್ಷರವನ್ನೂ ನಂಬುವುದಿಲ್ಲವೆಂದೂ ಗೊತ್ತಿತ್ತು. ಹೆಣವಿಲ್ಲ, ವೈದ್ಯರಿಲ್ಲ, ನದಿಯ ಪಾಲಾದ ಬೂದಿ.

"ಪಾಸ್‌ಪೋರ್ಟ್ ಎಲ್ಲಿ?"

"ಸುಟ್ಟುಹೋಯ್ತು."

"ಫೆಬ್ರವರೀಲಿ ನೀನು ತಂದಿದ್ದೆ."

"ಅದು ನಕಲು ಪ್ರತಿ. ನೀನು ಯಾವತ್ತು ಮೂಲ ಕೇಳಿದ್ದೀಯ?" ಕೇಳಿರಲಿಲ್ಲ. "ಬಾಯಿಗೆ ನಾಣ್ಯ ಇಟ್ಟೆ, ಕೈಗೆ ಹೂವು ಕೊಟ್ಟೆ. ಪಾಸ್‌ಪೋರ್ಟ್ ಇಲ್ಲದೆ ಆ ಮನುಷ್ಯ ಸಂತೆಗೂ ಹೋಗ್ತಿರಲಿಲ್ಲ. ಮೇಲೂ ಎಲ್ಲಾದ್ರೂ ಕೇಳಿದ್ರೆ ಏನು ಮಾಡ್ತಾರೆ ಅಂತ ಅಂಗಿ ಜೇಬಿಗೆ ಹಾಕಿದೆ."

"ಅಯ್ಯೋ ಅಕ್ಕಾ!"

"ಬಯ್ಯಬೇಡ. ಆವತ್ತು ತಲೆ ಓಡ್ತಿರಲಿಲ್ಲ."

"ಬೆಂಕಿ ಆರೋ ತನಕ ಇದ್ಯಾ?"

"ಇಲ್ಲ. ಏಳಕ್ಕೆ ಅಂಗಡಿ ತೆಗೀದಿದ್ರೆ ಜನ ಮಾತಾಡ್ಕೋತಾರೆ, ನೀನು ಹೊರಡು, ನಾನು ನೋಡ್ಕೋತೀನಿ ಅಂದ ಖಮ್‌ಲಾ. ಅವನ ಮನೆಯಾಕೆ ನನ್ನನ್ನ ಈಚೆ ಬಿಟ್ಲು. ಬೆಂಕಿ ಆಗ ತಾನೆ ಹತ್ತಿತ್ತು."

ಸನಿತ್ ಮೇಜಿನ ಮೇಲಕ್ಕೆ ಬಾಗಿದ. ಪರದೆಯ ಮೇಲಿನ ಆ ಎರಡು ಸಾಲು ಈಗ ಸುಲಭವಾಗಿ ಓದಿಸಿಕೊಂಡವು. ಆರ್ವಿಡ್ ದಾಟಿದ್ದು ಚಾಪೆಯಲ್ಲಿ, ಅದಕ್ಕೆ ಮೊಹರಿಲ್ಲ. ಅವನ ಪಾಸ್‌ಪೋರ್ಟ್ ಬೆಂಕಿಗೆ ಬೀಳಲಿಲ್ಲ, ಅಥವಾ ಬಿದ್ದದ್ದನ್ನು ಯಾರೋ ಎಳೆದುಕೊಂಡರು. ಒಂದು ವರ್ಷದ ವಾಸದ ಅನುಮತಿ, ಎಷ್ಟು ಸಲ ಬೇಕಾದರೂ ಹೋಗಿಬರುವ ಪರವಾನಗಿ, ಎರಡೂ ಅದರಲ್ಲೇ ಇವೆ. ವರ್ಷಕ್ಕೆರಡು ಸಲದ ಲೆಕ್ಕದಲ್ಲಿ ಬಾಗಿಲು ಮುಚ್ಚಿಸಿಕೊಂಡ ಪರಂಗಿಗೆ ಅದಕ್ಕಿಂತ ಇನ್ನೇನು ಬೇಕು?

"ಖಮ್‌ಲಾ ನೂರು ದಿನದ ಊಟಕ್ಕೆ ಬಂದಿದ್ನಾ?"

ಬುವಾಲೈ ಕಣ್ಣು ತಗ್ಗಿಸಿದಳು. "ಬರ್ಲಿಲ್ಲ. ಹೊಸ ವರ್ಷದ ಹಿಂದಿನ ದಿನದಿಂದ ಫೋನೇ ಇಲ್ಲ. ಅವನ ಹೆಂಡತಿ ದಿನಾ ಅಳ್ತಾಳೆ. ನನ್ನ ತಮ್ಮ ಕಳ್ಳ ಅಲ್ಲ ಸನಿತ್. ಅಮ್ಮ ಕೊಟ್ಟ ಹಿತ್ತಾಳೆ ತಾಯತ ಸ್ನಾನಕ್ಕೂ ತೆಗೀದೇ ಇರೋ ಭಯಭಕ್ತಿಯವನು. ಚಿಕ್ಕೋನಾಗಿದ್ದಾಗ ಕಲ್ಲಿಗೆ ಬಡಿದು ಬುದ್ಧನ ಎಡಭುಜ ಹಾರಿಹೋಯ್ತು ಅಂತ ಒಂದು ವಾರ ಅತ್ತಿದ್ದ."

"ಕಳ್ಳ ಅಂದ್ನಾ ನಾನು?"

"ನಿನ್ನ ಮುಖ ಅಂತು."

ಹೊರಗೆ ಮೊಪೆಡ್ ಒಂದು ಕೆಮ್ಮುತ್ತ ಹೋಯಿತು. ಸನಿತ್ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಅಕ್ಕಾ, ಐದು ಗಂಟೆಗೆ ನಿನ್ನನ್ನ ಕರ್ಕೊಂಡು ಹೋಗಬೇಕು."

"ಗೊತ್ತು. ಸಾರು ಇಳಿಸಿ, ಬೆಕ್ಕಿಗೆ ಅನ್ನ ಹಾಕಿ ಬರ್ತೀನಿ. ಒಂದು ಕೆಲಸ ಮಾಡ್ತೀಯಾ? ನಾನು ಒಳಗೆ ಹೋದ್ಮೇಲೆ ಖಮ್‌ಲಾನ ಹುಡುಕು. ನಂಗೆ ಇನ್ನು ಉಳಿದಿರೋದು ಅವನೊಬ್ಬ."

ಅಷ್ಟರಲ್ಲಿ ಸನಿತ್‌ನ ಫೋನ್ ಅದುರಿತು. ಪಕಿನ್‌ನ ದನಿಯಲ್ಲಿ ಮೊದಲ ಬಾರಿಗೆ ನಗುವಿತ್ತು.

"ದಾಬ್, ನಿಮ್ಮ ಅಕ್ಕನ ಹಣೆಬರಹ ಗಟ್ಟಿ ಇದೆ ಬಿಡಿ. ಮುದುಕ ಬಂದು ನನ್ನ ಮುಂದೆ ಕೂತಿದ್ದಾನೆ. ಆರ್ವಿಡ್ ಲುಂಡ್. ಅವಳನ್ನೂ ಕರ್ಕೊಂಡು ಬನ್ನಿ."

---

ಎತ್ತರ ಅದೇ. ಬಿಳಿ ಗಡ್ಡವೂ ಅದೇ ಕತ್ತರಿ. ಕಚೇರಿಯ ಕಡತದಲ್ಲಿದ್ದ ಒಂಬತ್ತು ವರ್ಷ ಹಳೆಯ ಫೋಟೊ ಇಟ್ಟುಕೊಂಡು ನೋಡುವ ಪಕಿನ್‌ಗೆ ಅಷ್ಟು ಸಾಕಾಗಿತ್ತು. ಆದರೆ ಆರ್ವಿಡ್‌ನ ಬಲಗೈಯ ಎರಡು ಬೆರಳು ಹಡಗಿನ ಎಂಜಿನ್ನಿಗೆ ಸಿಕ್ಕಿ ಸೊಟ್ಟಗಾಗಿದ್ದವು. ಮೇಜಿನ ಮೇಲೆ ಹರಡಿಕೊಂಡಿದ್ದ ಈ ಬೆರಳುಗಳು ಹತ್ತೂ ನೆಟ್ಟಗಿದ್ದವು.

ಅದು ಆರ್ವಿಡ್ ಅಲ್ಲ. ಇಡೀ ಕಚೇರಿಯಲ್ಲಿ ಅದು ಗೊತ್ತಿದ್ದದ್ದು ಸನಿತ್‌ಗೆ ಮಾತ್ರ. ಉಳಿದವರೆಲ್ಲ ಕಳೆದ ತಿಂಗಳ ವರ್ಗಾವಣೆಯಲ್ಲಿ ಬಂದವರು.

"ದಾಬ್!" ಆ ಮನುಷ್ಯ ಅಚ್ಚುಕಟ್ಟಾಗಿ ಥಾಯ್ ಭಾಷೆಯಲ್ಲಿ ಮಾತಾಡಿಸಿದ. "ಮಂಡಿ ನೋವು ಹೇಗಿದೆ?"

ಯಾರೋ ಇವನಿಗೆ ಪಾಠ ಹೇಳಿಕೊಟ್ಟಿದ್ದರು.

"ಮೀನು ಹಿಡಿಯೋಕೆ ಹೋಗಿದ್ದರಂತೆ," ಎಂದ ಪಕಿನ್. "ಗುಡಿಸಲಿಗೆ ಬೆಂಕಿ ಬಿದ್ದು ಪಾಸ್‌ಪೋರ್ಟ್ ಅರ್ಧ ಹಾಳಾಗಿದೆ. ಹೊಸದು ಮಾಡಿಸಬೇಕಂತೆ. ಇಂಥವರು ಇವರೇ, ಇಂಥ ಮನೆಯಲ್ಲಿ ವಾಸ ಅಂತ ಒಂದು ಪತ್ರ ಕೊಟ್ಟರೆ ಆಯ್ತು. ಹೆಂಡತಿ ಗುರುತು ಹಿಡೀಬೇಕು, ಮುಖಪರಿಚಯ ಇರೋ ಸಿಬ್ಬಂದಿ ಒಬ್ಬರು ಸಹಿ ಹಾಕಬೇಕು. ಅದು ನೀವೇ."

ಪಾಸ್‌ಪೋರ್ಟ್ ಮೇಜಿನ ಮೇಲಿತ್ತು. ಕೆಂಪು ರಟ್ಟಿನ ಒಂದು ಮೂಲೆ ಸುಟ್ಟು ಕರಕಲಾಗಿತ್ತು. ಯಾವ ಬೆಂಕಿಯೆಂದು ಸನಿತ್‌ಗೆ ಗೊತ್ತಿತ್ತು.

ಈ ಪತ್ರಕ್ಕೆ ಸಹಿ ಬಿದ್ದರೆ ಈ ಮನುಷ್ಯ ಮುಂದಕ್ಕೆ ಆರ್ವಿಡ್ ಲುಂಡ್. ಆರ್ವಿಡ್ ಬದುಕಿದ್ದರೆ ಬುವಾಲೈ ಸುಳ್ಳು ಹೇಳಿಲ್ಲ, ಕೊಂದಿಲ್ಲ, ಸಂಜೆ ಮನೆಗೆ ಹೋಗಿ ಬೆಕ್ಕಿಗೆ ಅನ್ನ ಹಾಕಬಹುದು. ಸಹಿ ಹಾಕದಿದ್ದರೆ ಕೋಳ. ಮೂವತ್ತನಾಲ್ಕು ವರ್ಷದಲ್ಲಿ ಸನಿತ್ ಯಾವ ಕಾಗದದ ಮುಂದೆಯೂ ಇಷ್ಟು ಹೊತ್ತು ನಿಂತಿರಲಿಲ್ಲ.

"ಸರ್, ಇವರು ಎರಡು ಸಲ ಒಳಗೆ ಬಂದಿದ್ದಾರೆ, ಒಂದ್ಸಲಾನೂ ಹೊರಗೆ ಹೋಗಿಲ್ಲ. ಮೊದಲು ಅದನ್ನ..."

"ಮತ್ತೆ ಅದೇ ರಾಗ! ಅಮ್ಮಾ, ನೀವು ಹೇಳಿ. ಇವರು ನಿಮ್ಮ ಯಜಮಾನರು ಹೌದೋ ಅಲ್ಲವೋ?"

ಬುವಾಲೈ ಬಾಗಿಲಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ಅವಳು ಸನಿತ್‌ಗೆ ಒಂದೇ ಮಾತು ಹೇಳಿದ್ದಳು. ಯಾವನೋ ಅವರ ಹೆಸರು ಹೊತ್ಕೊಂಡು ಓಡಾಡೋದನ್ನ ನಾನು ಒಪ್ಪಲ್ಲ, ಜೈಲಾದ್ರೂ ಸರಿ, ನಿಜ ಹೇಳ್ತೀನಿ. ಈಗ ಆ ಮಾತು ಹೇಳಲು ಬಾಯಿ ತೆರೆದಳು.

ಪರಂಗಿ ಕುರ್ಚಿಯಲ್ಲಿ ಅವಳತ್ತ ತಿರುಗಿದ. ಸೆಕೆಯೆಂಬಂತೆ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಕಾಲರ್ ಸಡಿಲಿಸಿದ.

ಅವನ ಎದೆಯ ಮೇಲೆ, ಕರಿ ದಾರದಲ್ಲಿ, ಹಿತ್ತಾಳೆಯ ಸಣ್ಣ ಬುದ್ಧ. ಎಡಭುಜ ಮುರಿದಿತ್ತು.

ಬುವಾಲೈಯ ತೆರೆದ ಬಾಯಿ ಹಾಗೇ ನಿಂತಿತು. ಗೋಡೆಯ ಫ್ಯಾನು ಒಂದು ಸುತ್ತು ಈಚೆ ತಿರುಗಿ ಆಚೆ ತಿರುಗಿತು.

"ಹೌದು," ಎಂದಳು ಅವಳು. "ಇವರೇ ನಮ್ಮ ಯಜಮಾನ್ರು."

"ಮುಗೀತಲ್ಲ!" ಪಕಿನ್ ಪೆನ್ನನ್ನು ಸನಿತ್‌ನ ಮುಂದೆ ಉರುಳಿಸಿದ. "ಹಾಕಿ ದಾಬ್."

ಆ ಮನುಷ್ಯ ಸನಿತ್‌ಗೆ ಮಾತ್ರ ಕೇಳುವಷ್ಟು ಮೆಲ್ಲಗೆ ನುಡಿದ. "ಬೇಗ ಆಗಲಿ. ಐದೂವರೆಗೆ ಕೊನೆಯ ದೋಣಿ. ನಾನು ಹೋದರೇನೇ ಆಚೆ ಒಬ್ಬರಿಗೆ ಊಟ."

ಖಮ್‌ಲಾ ಬದುಕಿದ್ದ. ಐದೂವರೆಯವರೆಗಾದರೂ ಬದುಕಿದ್ದ.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಬುವಾಲೈ ಸನಿತ್‌ನನ್ನೇ ನೋಡುತ್ತಿದ್ದಳು. ಅವನ ಹೆಂಡತಿಯ ಬಾಯಿಗೆ ಗಂಜಿ ಹಿಡಿಯುತ್ತಿದ್ದಾಗಲೂ ಅವಳು ಅವನಲ್ಲಿ ಏನನ್ನೂ ಬೇಡಿದವಳಲ್ಲ. ಈಗ ಬೇಡುತ್ತಿದ್ದಳು.

ಸನಿತ್ ಕುರ್ಚಿ ಎಳೆದುಕೊಂಡು ಕೂತ. ಪೆನ್ನಿನ ಮುಚ್ಚಳ ತೆಗೆದ.